ಒಂಬತ್ತನೇ ಕ್ಲಾಸಿನ ಬ್ಲಾಗೂ ನನ್ನ ಎದೆಬಡಿತವೂ

ನಾನು ಸ್ವಭಾವತಃ ಪುಕ್ಕಲು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸಲೀಸು. ಮನೆಗೆ ಬೀಗ ಹಾಕಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ಬೀಗ ಜಗ್ಗಿ ನೋಡುವ ಜಾತಿ ನನ್ನದು. ಹುಟ್ಟಿದ್ದು ಮಧುಗಿರಿಯಲ್ಲಿ, ಮದುವೆಯಾಗಿ ಉಳಿದದ್ದೂ ಮಧುಗಿರಿಯಲ್ಲಿ. ಊರಿನ ನೆತ್ತಿಯ ಮೇಲೆ ನಿಂತಿರುವ ಬೋಳು ಬಂಡೆಯ ಬೆಟ್ಟವನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಹತ್ತುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ನಾನು ಮಾತ್ರ ಬೆಳಿಗ್ಗೆ ಬಟ್ಟೆ ಒಣಹಾಕಲು ಮಹಡಿಗೆ ಹೋದಾಗ, ಅದು ನಿನ್ನೆ ಇದ್ದಲ್ಲೇ ಇದೆಯೋ, ಒಂದಿಷ್ಟು ನಮ್ಮ ಮನೆಯ ಕಡೆ ಸರಿದಿದೆಯೋ ಎಂದು ಕಣ್ಣಳತೆ ಮಾಡಿಯೇ ಕೆಳಗಿಳಿಯುವುದು. ಇಲ್ಲಿಯವರೆಗೆ ಸರಿದಿಲ್ಲ. ನಾಳೆಯದನ್ನು ಯಾರು ಕಂಡವರು?

ಇಂಥವಳ ಕೊರಳಿಗೆ ಒಂದು ಬ್ಲಾಗು ಬಿತ್ತು. ನಾನು ಪಾವಗಡದ ಕಡೆ, ರಾಯಚರ್ಲಿಗೆ ಹತ್ತಿರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರು. (ಹಳ್ಳಿಯ ಹೆಸರು ಬರೆಯುವಷ್ಟು ಧೈರ್ಯ ನನಗಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ.) ಬೇಸಿಗೆಯ ತರಬೇತಿಯಲ್ಲಿ ಒಬ್ಬ ಉತ್ಸಾಹಿ ತರುಣ, ಮಕ್ಕಳು ಇಂಗ್ಲಿಷ್ ಕಲಿಯಬೇಕಾದರೆ ಯಾರಾದರೂ ಓದಲಿ ಅಂತ ಬರೆಯಬೇಕು, ಅದಕ್ಕೆ ಇಡೀ ಕ್ಲಾಸಿಗೆ ಒಂದು ಬ್ಲಾಗು ಮಾಡಿ ಎಂದ. ಮಿಕ್ಕವರೆಲ್ಲ ತಲೆದೂಗಿ ಊಟಕ್ಕೆ ಹೋದರು. ನನಗೆ ಹೇಳಿದ ಕೆಲಸ ಮಾಡದಿದ್ದರೆ ನೋಟೀಸು ಬಂದೀತೆಂಬ ಹೆದರಿಕೆ. ಹಾಗಾಗಿ ಅಲ್ಲಿಗೆ ಬಂದಿದ್ದ ಅಷ್ಟೂ ಜನರಲ್ಲಿ ನಿಜವಾಗಿ ಬ್ಲಾಗು ಮಾಡಿದವಳು ನಾನೊಬ್ಬಳೇ ಇರಬೇಕು.

ನಮ್ಮ ಪದ್ಧತಿ ಹೀಗೆ. ಸ್ಕೂಲಿನ ಕಂಪ್ಯೂಟರಿಗೂ ಕರೆಂಟಿಗೂ ಅಷ್ಟಕ್ಕಷ್ಟೆ. ಆದ್ದರಿಂದ ಮಕ್ಕಳು ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ, ಹಾಜರಿ ಪುಸ್ತಕದ ಸರದಿಯಂತೆ ಮೂವರು ಬಂದು ನನ್ನ ಮೊಬೈಲಿನಲ್ಲಿ ಅದನ್ನು ಟೈಪು ಮಾಡುತ್ತಾರೆ. ಮಿಕ್ಕವರು ಸುತ್ತ ನಿಂತು ಬಗ್ಗಿ ನೋಡುತ್ತಾರೆ. ತಪ್ಪು ತಿದ್ದುತ್ತಾರೆ ಎಂದುಕೊಂಡಿದ್ದೆ. ವ್ಯಾಕರಣದ ತಪ್ಪು ಒಬ್ಬರ ಕಣ್ಣಿಗೂ ಬೀಳುವುದಿಲ್ಲ. "ನಮ್ಮ ಎಮ್ಮೆ ಆರು ಲೀಟರ್ ಹಾಲು ಕೊಡುತ್ತದೆ" ಎಂದು ಒಬ್ಬ ಹೊಡೆದರೆ, ಹಿಂದಿನಿಂದ ಇನ್ನೊಬ್ಬಳು, "ಲೇ, ನಾಕು ಕಣ್ಲಾ! ಡೈರೀಲಿ ನಮ್ಮಪ್ಪಾನೇ ಅಳೆಯೋದು" ಎನ್ನುತ್ತಾಳೆ. ಅವನು ಆರನ್ನು ಅಳಿಸಿ ನಾಲ್ಕು ಮಾಡುತ್ತಾನೆ. ಕ್ರಿಯಾಪದ ಸೊಟ್ಟಗೇ ಉಳಿಯುತ್ತದೆ.

ಅವರು ಬರೆದದ್ದನ್ನು ಓದಿ ಓದಿ ನನಗೊಂದು ಜ್ಞಾನೋದಯವಾಯಿತು. ಕನ್ನಡದಲ್ಲಿ ಪ್ರಬಂಧ ಬರೆಯಿರಿ ಎಂದರೆ ಇದೇ ಮಕ್ಕಳು, ಪ್ರಕೃತಿಯ ಮಡಿಲು, ಅನ್ನದಾತ, ಮಮತೆಯ ಸಾಗರ ಎಂದು ಪುಟಗಟ್ಟಲೆ ಹರಿಸುತ್ತಾರೆ. ಒಂದು ಸಾಲಿನಲ್ಲೂ ಅವರ ಮನೆ ಇರುವುದಿಲ್ಲ. ಇಂಗ್ಲಿಷಿನಲ್ಲಿ ಅವರ ಹತ್ತಿರ ಇರುವುದು ಇನ್ನೂರೋ ಮುನ್ನೂರೋ ಪದ. ಸುಳ್ಳು ಹೇಳಲು ಬಹಳ ಪದ ಬೇಕು. ಒಂದನ್ನು ಮುಚ್ಚಲು ಇನ್ನೊಂದು, ಅದರ ಮೇಲೆ ಚೆಂದಕ್ಕೆ ಮತ್ತೊಂದು. ಅಷ್ಟು ಬಂಡವಾಳವಿಲ್ಲದ ಮಕ್ಕಳು ಇದ್ದದ್ದನ್ನು ಇದ್ದ ಹಾಗೆ ಬರೆದು ಕೈತೊಳೆದುಕೊಳ್ಳುತ್ತಾರೆ. "ನನ್ನ ಅಜ್ಜಿಗೆ ಹಲ್ಲಿಲ್ಲ. ಅಜ್ಜಿ ಕಡಲೆಕಾಯಿ ಕುಟ್ಟಿ ತಿನ್ನುತ್ತಾಳೆ. ನನಗೆ ಕೊಡುವುದಿಲ್ಲ." ಇದು ಒಂದು ಪೂರ್ತಿ ಲೇಖನ. "ನಮ್ಮ ಮಿಸ್ಸು ಬಸ್ಸಿಳಿದು ಮೊದಲು ಬ್ಯಾಗು ನೋಡುತ್ತಾರೆ. ಆಮೇಲೆ ನಮ್ಮನ್ನು ನೋಡುತ್ತಾರೆ." ಇದು ಇನ್ನೊಂದು. ಬರೆದವನನ್ನು ಬೈಯಲು ಬಾಯಿ ತೆರೆದೆ. ಬ್ಯಾಗನ್ನು ಆಗಲೂ ಎದೆಗವಚಿಕೊಂಡೇ ಇದ್ದೆ.

ನಮ್ಮ ಮನೆಯವರಿಗೆ ಈ ಬ್ಲಾಗು ಮೊದಲಿಂದಲೂ ಹಿಡಿಸಲಿಲ್ಲ. ಅವರು ಕೋರ್ಟಿನಲ್ಲಿ ಗುಮಾಸ್ತರು. ಜೀವಮಾನವೆಲ್ಲ ಬೇರೆಯವರು ಬರೆದುಕೊಟ್ಟು ಸಿಕ್ಕಿಹಾಕಿಕೊಂಡದ್ದನ್ನೇ ನೋಡಿದವರು. "ಬಾಯಲ್ಲಿ ಹೇಳಿದ್ದನ್ನ ನಾಳೆ ಇಲ್ಲ ಅನ್ಬೋದು ಕಣೇ. ಬರ್ದಿದ್ದು ಬರ್ದಿದ್ದೇ" ಎಂದು ತಟ್ಟೆಯ ಮುಂದೆ ಕೂತು ಹೇಳುತ್ತಾರೆ. ಇವರು ನನಗೆ ಮದುವೆಗೆ ಮುಂಚೆ ಒಂದೂ ಕಾಗದ ಬರೆಯದ ಕಾರಣ ಆಗ ನನಗೆ ಹೊಳೆಯಿತು. ಆದರೂ ಬ್ಲಾಗನ್ನು ಓದುವವರು ಯಾರು ಎಂಬ ಧೈರ್ಯ ನನಗಿತ್ತು. ಎಷ್ಟು ಜನ ನೋಡಿದರು ಅಂತ ಅದರ ಮೂಲೆಯಲ್ಲಿ ಒಂದು ಸಂಖ್ಯೆ ಬರುತ್ತದೆ. ವಾರವೆಲ್ಲ ಸೇರಿ ಹತ್ತೋ ಹನ್ನೆರಡೋ. ಅದರಲ್ಲಿ ಎಂಟು ಸಲ ನಾನೇ, ಬೀಗ ಜಗ್ಗುವ ಹಾಗೆ.

ಹೀಗಿರುವಾಗ ಲಾವಣ್ಯಳ ಸರದಿ ಬಂತು. ಹೆಚ್ಚು ಮಾತಿಲ್ಲದ ಹುಡುಗಿ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಎರಡರಲ್ಲೂ ಮಿತ. ಅವಳ ಅಪ್ಪ ಹನುಮಂತರಾಯಪ್ಪನವರ ಹೊಲ, ಆ ಕಡೆಯ ಬಹಳ ಜನರ ಹೊಲದಂತೆ, ಸೋಲಾರ್ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ಕಣ್ಣು ಹಾಯುವಷ್ಟು ದೂರ ನೀಲಿ ಹಲಗೆಗಳು, ಸುತ್ತ ತಂತಿ ಬೇಲಿ. ಲಾವಣ್ಯ ಇಂಗ್ಲಿಷಿನಲ್ಲಿ ಬರೆದದ್ದರ ಕನ್ನಡ ಇಷ್ಟು: "ನನ್ನ ಅಪ್ಪ ದಿನಾ ಬೆಳಿಗ್ಗೆ ಸೋಲಾರ್ ಬೇಲಿಯ ಹತ್ತಿರ ಹೋಗುತ್ತಾರೆ. ನಮ್ಮ ಹೊಲ ಒಳಗೆ ಇದೆ. ಅಪ್ಪ ಹೊರಗೆ ಇದ್ದಾರೆ. ಅವರು ನೋಡುತ್ತಾರೆ. ಮನೆಗೆ ಬರುತ್ತಾರೆ. ಅಮ್ಮ ಕೇಳುವುದಿಲ್ಲ. ನಾನು ಕೇಳುವುದಿಲ್ಲ."

ಸುತ್ತ ನಿಂತ ಮಕ್ಕಳು ಆ ದಿನ ಏನನ್ನೂ ತಿದ್ದಲಿಲ್ಲ. ಅಷ್ಟರಿಂದಲೇ ನಾನು ಎಚ್ಚರಗೊಳ್ಳಬೇಕಿತ್ತು. ಬಸ್ಸಿನ ಹೊತ್ತಾಯಿತೆಂದು ಪಬ್ಲಿಷ್ ಒತ್ತಿ ಓಡಿದೆ.

ಶನಿವಾರ ಸಂಜೆ ನೋಡಿದರೆ ಮೂಲೆಯ ಸಂಖ್ಯೆ ನೂರು ದಾಟಿದೆ. ಆ ಹಳ್ಳಿಯ ಡಿಗ್ರಿ ಓದುವ ಹುಡುಗನೊಬ್ಬ ಅದನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದನಂತೆ. ಸ್ವಲ್ಪ ಹೊತ್ತಿಗೆ ಹೆಡ್‌ಮಾಸ್ಟರ ಫೋನು. "ಮೇಡಂ, ಹನುಮಂತರಾಯಪ್ಪ ಫೋನ್ ಮಾಡಿದ್ರು. ಸೋಮವಾರ ಬರ್ತಾರಂತೆ. ಇಂಗ್ಲಿಷ್ ಮೇಡಂ ಇರ್ಲೇಬೇಕು ಅಂದ್ರು. ಅದೇನ್ ಬರೆಸಿದ್ದೀರೋ, ನೋಡಿ. ಜಗಳ ಆದ್ರೆ ಅದನ್ನ ಮುಚ್ಚಿಬಿಡಿ."

ಮುಚ್ಚುವುದು ಬ್ಲಾಗೊಂದೇ ಆಗಿದ್ದರೆ ನಾನು ಸಂತೋಷದಿಂದ ಅಂದೇ ಮುಚ್ಚುತ್ತಿದ್ದೆ. ಹೆಣ್ಣುಮಕ್ಕಳ ಹೆಸರು ಊರವರ ಮೊಬೈಲಿನಲ್ಲಿ ಓಡಾಡಿತೆಂದರೆ ಮೊದಲು ನಿಲ್ಲುವುದು ಅವರ ಸ್ಕೂಲು. ಹಿಂದಿನ ವರ್ಷ ಹೀಗೆಯೇ ಯಾವುದೋ ಫೋಟೊದ ನೆಪದಲ್ಲಿ ಒಂದು ಹುಡುಗಿ ಮನೆಯಲ್ಲಿ ಕೂತದ್ದು ನನಗೆ ಗೊತ್ತಿತ್ತು. ಲಾವಣ್ಯಳ ಹೆಸರು ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆಯಾದರೆ ಅದಕ್ಕೆ ಕಾರಣ ನಾನು, ನನ್ನ ಮೊಬೈಲು, ನನ್ನ ಬಸ್ಸಿನ ಅವಸರ. ಹೆದರಿಕೆ ನನಗೆ ಹೊಸದಲ್ಲ. ಆದರೆ ಇಷ್ಟು ದಿನ ನಾನು ಹೆದರಿದ್ದು ಬರೀ ನನಗಾಗಿ. ಇನ್ನೊಬ್ಬರಿಗಾಗಿ ಹೆದರುವುದು ಬೇರೆಯೇ ಸಂಕಟ.

ಭಾನುವಾರ ಮಧ್ಯಾಹ್ನ ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ನಾನು ಒಂದು ಕೆಲಸ ಮಾಡಿದೆ. ಬ್ಲಾಗಿನ ಪಾಸ್‌ವರ್ಡು ನನ್ನ ಹತ್ತಿರವೇ ಇತ್ತಲ್ಲ! ಲಾವಣ್ಯಳ ಏಳು ಸಾಲನ್ನು ಅಳಿಸಿದೆ. ಅದರ ಜಾಗದಲ್ಲಿ, ನನ್ನ ತಂದೆ ಒಬ್ಬ ಹ್ಯಾಪಿ ಫಾರ್ಮರ್, ಸೂರ್ಯನ ಬೆಳಕಿನಿಂದ ವಿದ್ಯುತ್ತಾಗುವುದನ್ನು ಕಂಡು ಅವರಿಗೆ ಅಪಾರ ಹೆಮ್ಮೆ, ದೇಶದ ಪ್ರಗತಿಯಲ್ಲಿ ನಮ್ಮ ಹೊಲಕ್ಕೂ ಪಾಲಿದೆ, ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆದೆ. ಕೆಳಗೆ ಲಾವಣ್ಯ, ಒಂಬತ್ತನೇ ತರಗತಿ ಎಂದು ಹಾಗೇ ಇತ್ತು.

ನಮ್ಮ ಸೀಮೆಯಲ್ಲಿ ಕೆರೆ ಏರಿಯ ಮೇಲೆ, ಗುಡಿಯ ಹಿಂದೆ, ಬೇಕಾದಷ್ಟು ಶಾಸನದ ಕಲ್ಲುಗಳಿವೆ. ಹಿಂದಿನವರಿಗೆ ನನ್ನಂಥವರ ಪರಿಚಯ ಚೆನ್ನಾಗಿದ್ದಿರಬೇಕು. ಇಂಥವರು ಇಷ್ಟು ಭೂಮಿ ಕೊಟ್ಟರು ಎಂದು ಕೊರೆಸಿ ಸುಮ್ಮನಾಗುತ್ತಿರಲಿಲ್ಲ. ಇದನ್ನು ಅಳಿಸಿದವರಿಗೆ ಗಂಗೆಯ ತಡಿಯಲ್ಲಿ ಗೋವನ್ನು ಕೊಂದ ಪಾಪ ಬರಲಿ ಎಂದು ಕೊನೆಗೊಂದು ಶಾಪವನ್ನೂ ಕೊರೆಸುತ್ತಿದ್ದರು. ಹೊಲದ ವಿಷಯ ಬರೆದದ್ದನ್ನು ಅಳಿಸಿದರೆ ಬರುವ ಪಾಪ ಅದು. ಮೊಬೈಲಿನಲ್ಲಿ ಅಳಿಸಿದರೆ ಎಷ್ಟು ಗೋವು ಎಂದು ಯಾರೂ ಹೇಳಿಲ್ಲ. ಹಾಗಂತ ಸಮಾಧಾನ ಮಾಡಿಕೊಂಡು ಮಲಗಲು ನೋಡಿದೆ. ನಿದ್ದೆ ಬರಲಿಲ್ಲ.

ಸೋಮವಾರ ಎರಡನೇ ಪೀರಿಯಡ್ಡಿಗೆ ಹನುಮಂತರಾಯಪ್ಪ ಬಂದರು. ಒಗೆದ ಬಿಳಿ ಪಂಚೆ, ಇಸ್ತ್ರಿ ಮಾಡಿದ ಶರ್ಟು. ಜಗಳಕ್ಕೆ ಬರುವವರು ಇಷ್ಟು ಮಡಿಯಾಗಿ ಬರುವುದಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ನನ್ನದು; ಅವರು ಏನೂ ಕೇಳುವ ಮುಂಚೆಯೇ, "ಏನೂ ಇಲ್ಲ ಹನುಮಂತರಾಯಪ್ಪನೋರೆ, ಮಕ್ಕಳು ಏನೋ ಕಲಿಯಲಿ ಅಂತ ಅಷ್ಟೆ" ಎಂದೆ. ಸ್ಟಾಫ್ ರೂಮಿನಲ್ಲಿ ಅವರಿಗೊಂದು ಕುರ್ಚಿ ಹಾಕಿಸಿದೆ. ಅವರೇ ಹೇಳಿ ಲಾವಣ್ಯಳನ್ನು ಕರೆಸಿದರು. ಅವಳು ನೋಟ್‌ಬುಕ್ಕನ್ನು ಹಿಡಿದು ಬಾಗಿಲ ಹತ್ತಿರ ನಿಂತಳು.

"ನಮ್ಮ ಪಾಪ ನನ್ ಮೇಲೆ ಏನೋ ಬರ್ದೈತಂತೆ ಮೇಡಂ" ಎಂದರು ಅವರು, ಮಗಳ ಕಡೆ ಕೈ ತೋರಿಸಿ. "ಟೀ ಅಂಗಡೀಗೆ ಹೋದ್ರೆ ಎಲ್ಲಾ ಮಾತು ನಿಲ್ಸ್‌ಬುಟ್ಟು ನನ್ ಮಕ ನೋಡ್ತಾರೆ. ಏನ್ರಪ್ಪಾ ಅಂದ್ರೆ ಒಬ್ಬೊಬ್ರು ಒಂದೊಂದ್ ಹೇಳ್ತಾರೆ. ನಂಗೆ ಇಂಗ್ಲಿಷ್ ಬರಾಕಿಲ್ಲ. ನೀವೇ ಒಂದ್ಸಲ ಓದಿ."

ಓದಿದೆ. ಮೊಬೈಲಿನಲ್ಲಿದ್ದ ನನ್ನ ಪ್ಯಾರಾವನ್ನೇ ಓದಿದೆ, ಸಾಲು ಸಾಲಿಗೂ ಕನ್ನಡ ಹೇಳಿದೆ. ಹ್ಯಾಪಿ ಫಾರ್ಮರ್, ಹೆಮ್ಮೆ, ದೇಶದ ಪ್ರಗತಿ. ಮುಗಿಸಿ ತಲೆಯೆತ್ತಿದರೆ, ಅವರ ಮುಖದಲ್ಲಿ ಸಿಟ್ಟಿಲ್ಲ, ಸಮಾಧಾನವೂ ಇಲ್ಲ. ದೂರದಿಂದ ನೆಂಟರ ಮನೆಗೆ ಬಂದು, ಬಾಗಿಲಿಗೆ ಬೀಗ ಕಂಡವರ ಹಾಗೆ ಕೂತಿದ್ದರು.

"ಅಷ್ಟೇನಾ?" ಎಂದರು. ಆಮೇಲೆ ಮಗಳ ಕಡೆ ತಿರುಗಿ ತೆಲುಗಿನಲ್ಲಿ, "ಏಮ್ಮಾ, ನುವ್ವು ರಾಸಿಂದಿ ಇದೇನಾ?" ಎಂದು ಕೇಳಿದರು. ನೀನು ಬರೆದದ್ದು ಇದೇನಾ?

ಲಾವಣ್ಯ ನನ್ನನ್ನು ನೋಡಿದಳು. ನನ್ನ ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಯಾವ ಇನ್‌ಸ್ಪೆಕ್ಟರೂ ನನ್ನನ್ನು ಹಾಗೆ ನೋಡಿರಲಿಲ್ಲ. "ಕಾದು ನಾಯ್ನಾ," ಅಲ್ಲ ಅಪ್ಪ, ಎಂದಳು. ನೋಟ್‌ಬುಕ್ಕು ಬಿಚ್ಚಿ ತನ್ನ ಏಳು ಸಾಲನ್ನು ಮೊದಲು ಇಂಗ್ಲಿಷಿನಲ್ಲಿ ಓದಿದಳು, ಆಮೇಲೆ ಅಪ್ಪನಿಗೆ ತೆಲುಗಿನಲ್ಲಿ ಹೇಳಿದಳು. ಅಮ್ಮ ಕೇಳುವುದಿಲ್ಲ, ನಾನು ಕೇಳುವುದಿಲ್ಲ ಎನ್ನುವಲ್ಲಿಗೆ ಬಂದಾಗ ಅವಳ ದನಿ ಕೇಳಿಸುವಷ್ಟೂ ಇರಲಿಲ್ಲ. ನನಗೆ ಆ ಕೋಣೆಯಿಂದ ಎದ್ದುಹೋಗಬೇಕೆನ್ನಿಸಿತು. ನಾಚಿಕೆಯಾಗಿತ್ತು. ನೇರವಾಗಿ ಹೇಳಬೇಕೆಂದರೆ ಅಳು ಬಂದಿತ್ತು.

ಹನುಮಂತರಾಯಪ್ಪ ಮಗಳ ಕೈಯಿಂದ ನೋಟ್‌ಬುಕ್ಕು ತೆಗೆದುಕೊಂಡು, ಓದಲು ಬಾರದ ಆ ಸಾಲುಗಳ ಮೇಲೆ ಬೆರಳಾಡಿಸಿದರು. ಅಷ್ಟರಲ್ಲಿ ನಾನು ಟಿ.ಸಿ. ಅರ್ಜಿಯನ್ನೂ ಅದಕ್ಕೆ ಬೀಳುವ ಹೆಡ್‌ಮಾಸ್ಟರ ಸಹಿಯನ್ನೂ ಕಣ್ಣಾರೆ ಕಂಡುಬಿಟ್ಟಿದ್ದೆ.

"ನೀನು ನೋಡ್ತಾ ಇದ್ದೆ ಅಂತ ನಂಗೊತ್ತಿರ್ಲಿಲ್ಲ ಪಾಪ" ಎಂದರು ಕೊನೆಗೆ. ಆಮೇಲೆ ನನಗೆ ಹೇಳಿದರು: "ಬದು ಇಲ್ಲ, ಗಿಡ ಇಲ್ಲ ಮೇಡಂ. ಎಲ್ಲಾ ಒಂದೇ ತರ ಹಲಗೆ. ನಮ್ದು ಎಲ್ಲಿಂದ ಎಲ್ಲಿಗೆ ಅಂತ ಗುರ್ತೇ ಸಿಗಾಕಿಲ್ಲ. ದಿನಾ ನಿಂತ್ಕಂಡು ಹುಡುಕ್ತೀನಿ. ಒಂದಿನ ಇಲ್ಲಿ ಅನ್ಸತೈತೆ, ಒಂದಿನ ಅಲ್ಲಿ ಅನ್ಸತೈತೆ. ಕೇಳಿದ್ರೆ ನಾನೇ ಹೇಳ್ತಿದ್ದೆ. ಯಾರೂ ಕೇಳ್ಲಿಲ್ಲ, ಅಷ್ಟೇಯ."

"ನಾನು ಬರೆದುಕೊಳ್ಳಲಾ ನಾಯ್ನಾ?" ಎಂದಳು ಲಾವಣ್ಯ, ಈ ಸಲ ಕನ್ನಡದಲ್ಲಿ, ನನಗೂ ಕೇಳಲಿ ಅಂತ.

"ಬರ್ಕೋ" ಎಂದರು. ಪಂಚೆ ಕೊಡವಿಕೊಂಡು ಎದ್ದರು. ನಾನೂ ಎದ್ದೆ. ಬಾಗಿಲವರೆಗೆ ಹೋದವರು ನಿಂತರು.

"ಅದ್ಯಾರೋ ಹ್ಯಾಪಿ ಫಾರ್ಮರ್ ಅಂದ್ರಲ್ಲ ಮೇಡಂ," ಎಂದರು, ಬೈಯುವ ದನಿಯೇ ಅಲ್ಲ, ಊರಿಗೆ ಹೊಸಬರು ಬಂದಾಗ ವಿಚಾರಿಸುವ ದನಿ. "ಅವ್ನು ಯಾರೋ ನಂಗೊತ್ತಿಲ್ಲ. ಅವ್ನನ್ನ ತೆಗ್ದುಬುಡಿ. ನಮ್ಮ ಪಾಪ ಬರ್ದಿದ್ದು ಇರ್ಲಿ."

ಅವರ ಎದುರಿಗೇ ತೆಗೆದೆ, ಮೊಬೈಲನ್ನು ಲಾವಣ್ಯಳ ಕೈಗೆ ಕೊಟ್ಟೆ. ನಿಜ ಹೇಳುತ್ತೇನೆ, ತೆಗೆಯುವ ಮುಂಚೆ ಅದನ್ನು ಇನ್ನೊಂದು ಸಲ ಓದಿಕೊಂಡೆ: ನನ್ನ ಜನ್ಮದಲ್ಲಿ ನಾನು ಒಂದೂ ತಪ್ಪಿಲ್ಲದೆ ಬರೆದ ಇಂಗ್ಲಿಷು ಅದೊಂದೇ ಪ್ಯಾರಾ.