ಸಿರಪ್ ಕುಡಿದ ಇಪ್ಪತ್ತು ಕುರಿ

ಬೀದರದಲ್ಲಿ ಪಶುವೈದ್ಯಕೀಯ ಸಂಶೋಧನೆ ಮಾಡುತ್ತಿದ್ದ ಭಾಲ್ಕಿಯ ಸಪನಾ, ಮೆಹಕರ ಹಳ್ಳಿಯ ಕುರಿಗಾರ ಧೊಂಡಿಬಾನ ನಲವತ್ತು ಕುರಿಗಳನ್ನೇ ಪ್ರಯೋಗಕ್ಕೆ ಆರಿಸಿಕೊಂಡಾಗ ಅವನ ಎದೆ ಉಬ್ಬಿತು.

"ಇವುಗಳ ಪುಪ್ಪುಸದಾಗ ಹುಳ ಆಗ್ಯಾವರಿ ಕಾಕಾ. ಇಪ್ಪತ್ತಕ್ಕ ಬರೇ ಹುಳದ ಔಷಧ. ಉಳಿದ ಇಪ್ಪತ್ತಕ್ಕ ಅದರ ಜೋಡಿ ಕಫ ಕರಗೋ ಸಿರಪ್. ಯಾವುದಕ್ಕ ಲಗೂ ಆರಾಮ ಆಗ್ತದ ನೋಡೋದು."

"ಮಂದಿ ಕುಡಿಯೋ ಸಿರಪ್ಪೇನ್ರಿ?"

"ಅದೇರಿ."

"ನನಗ ಕೆಮ್ಮು ಬಂದ್ರ ಶುಂಠಿ ನೀರು," ಎಂದಳು ಹೆಂಡತಿ ಲಲಿತಾಬಾಯಿ. "ಕುರಿಗೆ ಸಿರಪ್!"

ಎರಡು ಗುಂಪಿಗೂ ಬೇಲಿ ಕಟ್ಟಿ ಬೇರೆ ಬೇರೆ ದಡ್ಡಿ ಹಾಕಿ, ಒಂದೊಂದರಲ್ಲೂ ಸದ್ದು ಹಿಡಿದಿಟ್ಟು ಕೆಮ್ಮು ಎಣಿಸುವ ಯಂತ್ರ ಕಟ್ಟಿದರು. ಬೆಲೆಯುಳ್ಳ ಕುರಿಗಳು ಇವೇ ಎಂದು ಧೊಂಡಿಬಾ ದಿನಾ ಮುಂಜಾನೆ ಸಿರಪ್ ಕುರಿಗಳ ಪಕ್ಕದಲ್ಲೇ ಬೀಡಿ ಹಚ್ಚಿಕೊಂಡು ಕಾವಲು ಕೂತ.

ಮೂರು ವಾರಕ್ಕೆ ಆ ದಡ್ಡಿಯ ಕೆಮ್ಮು ಎರಡು ಪಟ್ಟಾಯಿತು. ಕಫ ಕರಗಿ ಹುಳ ಹೊರಬೀಳುತ್ತಿವೆ ಎಂದು ಸಪನಾಳ ಸಂಶೋಧನೆಯ ಗೈಡ್ ಹಿಗ್ಗಿ ಸಮ್ಮೇಳನಕ್ಕೆ ಭಾಷಣ ಬರೆಯಲು ಕೂತರು. ಆದರೆ ಹಿಕ್ಕೆಯ ಪರೀಕ್ಷೆಯಲ್ಲಿ ಹುಳವೇ ಉಳಿದಿರಲಿಲ್ಲ. ಹಾಗಿದ್ದರೆ ಕೆಮ್ಮುವವರು ಯಾರು? ಸಪನಾ ಯಂತ್ರ ಹಿಡಿದಿಟ್ಟ ಧ್ವನಿಗೆ ಕಿವಿಗೊಟ್ಟಳು. ಕುರಿಯೊಂದು ಕರುಳು ಕಿತ್ತು ಬರುವಂತೆ ಕೆಮ್ಮಿತು. ಆಮೇಲೆ ಸ್ಪಷ್ಟವಾಗಿ ಕೇಳಿತು: "ಏ ಲಲಿತಾ, ಚಾ ಆಯ್ತೇನ?"

ಮರುದಿನವೇ ಬಸ್ಸು ಹತ್ತಿ ಬಂದು ಅದನ್ನು ಧೊಂಡಿಬಾನಿಗೆ ಕೇಳಿಸಿದಳು.

"ಪಾಪ, ಈ ಕುರಿಗೆ ಭಾಳ ತ್ರಾಸ ಅದರಿ," ಎಂದ ಅವನು. ಚಹಾದ ಮಾತು ಬಂದೊಡನೆ ಬಾಯಲ್ಲಿದ್ದ ಬೀಡಿ ಬಿತ್ತು. ಲಲಿತಾಬಾಯಿ ಸೆರಗು ಬಾಯಿಗೊತ್ತಿ ನಕ್ಕಳು.

"ನಿಮ್ಮ ಕೆಲಸ ಕೆಡಿಸಿದ್ನೇನವ್ವಾ?" ಎಂದ ಧೊಂಡಿಬಾ.

ಸಪನಾಳಿಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. "ಮುಂಜಾನಿಗೆ ನೂರಾ ನಲವತ್ತು ಸಲ ಕೆಮ್ಮೀರಿ ಕಾಕಾ. ನಡೀರಿ ದವಾಖಾನಿಗೆ."

ಭಾಲ್ಕಿಯಲ್ಲಿ ಎಕ್ಸ್‌ರೇ ಆಯಿತು. ಟಿಬಿ ಇಲ್ಲ, ಬೀಡಿ ಬಿಡಬೇಕು ಎಂದ ಡಾಕ್ಟರರು ಒಂದು ಸಿರಪ್ ಬರೆದುಕೊಟ್ಟರು. ಬಾಟಲಿ ನೋಡಿದ್ದೇ ಧೊಂಡಿಬಾ ಹಿಂದೆ ಸರಿದ.

"ಇದು ಕುರಿದರಿ! ನಾ ಹ್ಯಾಂಗ ಕುಡೀಲಿ?"

ಕಡೆಗೂ ಕುಡಿದ. ಬೀಡಿ ಬಿಟ್ಟ. ಕೆಮ್ಮು ಇಳಿಯಿತು. ಅವನನ್ನು ದಡ್ಡಿಯಿಂದ ದೂರ ಕೂರಿಸಿ ಮತ್ತೆ ಮೂರು ವಾರ ಎಣಿಸಿದರು. ಎರಡೂ ದಡ್ಡಿಯ ಕುರಿಗಳಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣಲಿಲ್ಲ. ಗೈಡ್ ಭಾಷಣ ಹರಿದುಹಾಕಿದರು.

"ಸಿರಪ್ಪಿನಿಂದ ನನಗ ಆರಾಮ ಆಗ್ಯದಲ್ಲ, ಅದನ್ನಾರ ಬರೀರಿ," ಎಂದ ಧೊಂಡಿಬಾ.

"ನೀವು ಲೆಕ್ಕಕ್ಕ ಬರಂಗಿಲ್ರಿ ಕಾಕಾ. ನಿಮಗ ಹುಳ ಇಲ್ಲ."

ತನಗೆ ಹುಳ ಇಲ್ಲವೆಂದು ಧೊಂಡಿಬಾ ಎರಡು ದಿನ ಮುನಿಸಿಕೊಂಡೇ ಇದ್ದ.