ಎರಡು ನಿಮಿಷಕ್ಕೆ ನಿಲ್ಲುವ ಬ್ರಷ್

ಸ್ನೇಹಿತರೇ, ಚಾರ್ಜ್ ಮಾಡುವ ಹಲ್ಲುಜ್ಜುವ ಬ್ರಷ್ ಕೊಳ್ಳುವವರು ಇದನ್ನೊಮ್ಮೆ ಓದಿಕೊಳ್ಳಿ.

ನಮ್ಮನೆಯವರು ಬ್ರಷ್ ಬಾಯಿಗಿಟ್ಟರೆ ಅರ್ಧ ಗಂಟೆ. ಅಂಗಳವೆಲ್ಲ ಸುತ್ತಿ, ಬೇಲಿಯ ಹತ್ತಿರ ನಿಂತು ಪಕ್ಕದ ಮನೆಯ ಗೋಪಾಲಣ್ಣನ ಜೊತೆ ಮಾತು; ನಡುನಡುವೆ ಪಾತ್ರೆ ತಿಕ್ಕಿದ ಹಾಗೆ ತಿಕ್ಕುವುದು. ವಸಡು ಸವೆದಿದೆ ಎಂದು ಡಾಕ್ಟರು ಗದರಿದ ಮೇಲೆ ನಿನ್ನೆ ಕೊಪ್ಪಕ್ಕೆ ಹೋಗಿ ಚಾರ್ಜಿಂಗ್ ಬ್ರಷ್ ತಂದೆ. ಫೀಚರ್ ಎಲ್ಲ ವಿಚಾರಿಸಿಯೇ ತಂದದ್ದು. ಒಮ್ಮೆ ಚಾರ್ಜ್ ಮಾಡಿದರೆ ಎರಡು ವಾರ ಬರುತ್ತದೆ, ಜೋರಾಗಿ ಒತ್ತಿದರೆ ಕೆಂಪು ದೀಪ ಹತ್ತುತ್ತದೆ, ಎರಡು ನಿಮಿಷಕ್ಕೆ ತಾನೇ ನಿಲ್ಲುತ್ತದೆ.

ಇವತ್ತು ಬೆಳಿಗ್ಗೆ ಸರಿಯಾಗಿ ನಿಂತಿತು. ಹಲ್ಲು ನುಣ್ಣಗಾಯಿತೆಂದು ಇವರು ಖುಷಿಯಲ್ಲಿ ಬಚ್ಚಲಿಂದ ಬಂದು ಒಳಗೇ ಕೂತರು. ಸ್ವಲ್ಪ ಹೊತ್ತಿಗೆ ಬೇಲಿಯಾಚೆಯಿಂದ ಗೋಪಾಲಣ್ಣ ಕೂಗಿದರು.

"ಎಂತ ಮಾರಾಯ್ರೆ, ನಿಮ್ಮನೆಯವ್ರು ಇವತ್ತು ಈಚೆಗೇ ಬರ್ಲಿಲ್ಲ? ಹುಷಾರಿಲ್ವಾ?"

"ಹುಷಾರಾಗೇ ಇದಾರೆ ಗೋಪಾಲಣ್ಣ. ಹಲ್ಲುಜ್ಜಿ ಮುಗೀತು, ಅಷ್ಟೇ."

"ಇಷ್ಟು ಬೇಗ?"

ತಿರುಗಿ ನೋಡಿದರೆ ಇವರು ಹಳೆಯ ಬ್ರಷ್ ಕಚ್ಚಿಕೊಂಡು ಅಂಗಳಕ್ಕೆ ಇಳಿಯುತ್ತಿದ್ದಾರೆ. ಅದರಲ್ಲಿ ಪೇಸ್ಟೂ ಇಲ್ಲ.

"ಮತ್ತೆ ಉಜ್ಜಬೇಡಿ, ವಸಡು ಹಾಳಾಗ್ತದೆ!" ಎಂದೆ.

ಬ್ರಷ್ಷನ್ನು ಕೆನ್ನೆಗೆ ಸರಿಸಿ ಹೇಳಿದರು, "ಉಜ್ಜೋಕಲ್ಲ ಮಾರಾಯ್ತಿ. ಬಾಯಲ್ಲಿ ಬ್ರಷ್ ಇಲ್ದೆ ನಿಂತ್ರೆ ನೀನು ಏನಾದ್ರೂ ಕೆಲ್ಸ ಹೇಳ್ತೀಯ."

ಮದುವೆಯಾಗಿ ಇಪ್ಪತ್ತೆರಡು ವರ್ಷ. ಹಳೆಯ ಬ್ರಷ್ಷಿನ ಈ ಫೀಚರ್ ಮಾತ್ರ ನನಗೆ ಇವತ್ತೇ ತಿಳಿದದ್ದು.