ತುದಿ ಹಿಡಿಯುವವರು

ಮೂರು ವರ್ಷದ ಹಿಂದೆ, ಮಾಘದ ಒಂದು ಭಾನುವಾರ, ಬಿಸಿಲು ಇಳಿಯುವ ಹೊತ್ತಿನಲ್ಲಿ ನಾನು ಮಾಲಗಾಂವದ ಒಂದು ಮನೆಯ ಅಂಗಳದಲ್ಲಿ ನಿಂತಿದ್ದೆ. ಬಲಕ್ಕೆ ಬೇವಿನ ಮರ, ಎಡಕ್ಕೆ ಕುರಿಹಟ್ಟಿಯ ಮುಳ್ಳುಬೇಲಿ. ಎದುರಿಗೆ ಮಂಚದ ಮೇಲೆ ಒಬ್ಬ ಮುದುಕರು ದಿಂಬಿಗೆ ಒರಗಿ ಕುಳಿತಿದ್ದರು. ಅವರು ಈ ಕಡೆ ತಿರುಗಿದರೆ ನಾನಿದ್ದಲ್ಲಿಂದ ಮುಖ ಪೂರ್ತಿ ಕಾಣುವಂತಿತ್ತು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ಬರೆಯುವುದು ನಾನು ಯಾರಿಂದಲೋ ಕೇಳಿದ್ದಲ್ಲ.

ಸಾಂಗಲಿ-ಮಿರಜ ರಸ್ತೆಯ ಕಾಲೇಜೊಂದರಲ್ಲಿ ನಾನು ಬ್ಲಾಕ್‌ಚೇನ್, ಅಂದರೆ ಒಂದಕ್ಕೊಂದು ಸರಪಳಿಯಂತೆ ಕೊಂಡಿ ಹಾಕಿದ ದಾಖಲೆಗಳ ವಿದ್ಯೆ, ಕಲಿಸುತ್ತೇನೆ. ಆ ಸಲದ ಮೊದಲ ಪಾಠದಲ್ಲಿ ಕಂಪ್ಯೂಟರ್ ಮುಟ್ಟದೆ ರಟ್ಟಿನ ಕಾರ್ಡು ಹಂಚಿದ್ದೆ. ಒಬ್ಬೊಬ್ಬರೂ ಒಂದು ವಾಕ್ಯ ಬರೆಯಬೇಕು. ಹಿಂದಿನವರ ಕಾರ್ಡಿನ ಅಕ್ಷರಗಳಿಂದ ಲೆಕ್ಕ ಹಾಕಿ ಬಂದ ಅಂಕಿಯನ್ನು ತಮ್ಮ ಕಾರ್ಡಿನ ತಲೆಯ ಮೇಲೆ ಬರೆಯಬೇಕು. ಆಮೇಲೆ ನಡುವಿನ ಒಂದು ಕಾರ್ಡಿನಲ್ಲಿ ಒಂದೇ ಶಬ್ದ ತಿದ್ದಿದೆ. ಅದರ ಮುಂದಿನ ಅಂಕಿ ತಪ್ಪಾಯಿತು. ಅದನ್ನು ಸರಿಪಡಿಸಿದರೆ ಅದರ ಮುಂದಿನದು. ಹೀಗೆ ಕೊನೆಯವರೆಗೆ. ಹುಡುಗರು ತಲೆಯಾಡಿಸಿದರು. ಬೆರಗಾದವರು ಯಾರೂ ಇರಲಿಲ್ಲ.

ಆಗ ಹಿಂದಿನ ಬೆಂಚಿನಿಂದ, ಎಂದೂ ಬಾಯಿ ಬಿಡದ ಒಬ್ಬ ಹುಡುಗಿ, ಎಲ್ಲರೂ ಮರಾಠಿಯಲ್ಲಿ ಮಾತಾಡುವ ತರಗತಿಯಲ್ಲಿ ಕನ್ನಡದಲ್ಲೇ ಹೇಳಿದಳು: "ಸರ್, ಇದು ನಮ್ಮ ಅಜ್ಜಾರ ಪದದಾಂಗ ಐತ್ರಿ."

ಪಕ್ಕದವನು ಅದನ್ನು ಮರಾಠಿಗೆ ತಿರುಗಿಸಿ, ಕುರಿಗಳೂ ಈಗ ಮೈನಿಂಗ್ ಮಾಡುತ್ತವೇನು ಎಂದು ಕೇಳಿದ. ಲೆಕ್ಕ ಬಿಡಿಸಿ ಸರಪಳಿಗೆ ಹೊಸ ಕೊಂಡಿ ಸೇರಿಸುವುದಕ್ಕೆ ನಮ್ಮಲ್ಲಿ ಮೈನಿಂಗ್ ಎನ್ನುತ್ತಾರೆ. ತರಗತಿ ನಕ್ಕಿತು. ಅವಳೂ ನಕ್ಕಳು, ಆದರೆ ಪಾಠ ಮುಗಿದ ಮೇಲೆ ಹೋಗದೆ ನಿಂತಳು.

ಅವಳದು ಕುರಿ ಸಾಕುವ ಮನೆತನ. ಅಜ್ಜ ಡೊಳ್ಳಿನ ಪದದ ಮೇಳ ನಡೆಸುತ್ತಿದ್ದರು. ಮೂಲಪುರುಷನಿಂದ ಹಿಡಿದು ಇಡೀ ವಂಶ ಆ ಪದದಲ್ಲಿದೆ; ಎಲ್ಲಿಯೂ ಬರೆದಿಟ್ಟಿಲ್ಲ. ಮುಂದಾಳು ಒಂದು ನುಡಿ ಹಾಡುತ್ತಾನೆ. ಅದರ ಕೊನೆಯ ಮಾತನ್ನು ಹಿಮ್ಮೇಳದವನು ಎತ್ತಿ ಹಿಡಿಯುತ್ತಾನೆ. ಹಾಗೆ ಹಿಡಿದ ತುದಿಯಿಂದಲೇ ಮುಂದಿನ ನುಡಿ ಶುರುವಾಗಬೇಕು. ತುದಿ ಹಿಡಿಯದೆ ಬಿಟ್ಟರೆ ಪದ ಅಲ್ಲಿಗೇ ನಿಂತಂತೆ.

ಅಜ್ಜನಿಗೆ ಲಕ್ವಾ ಹೊಡೆದು ನಾಲಿಗೆ ಬಿದ್ದಿತ್ತು. ಜೀವಮಾನವೆಲ್ಲ ಅವರ ಹಿಮ್ಮೇಳದಲ್ಲಿ ನಿಂತ ತಮ್ಮ, ಇವಳಿಗೆ ಸಣ್ಣಜ್ಜ, ಈಗ ಮುಂದಾಳು. ಮುಂದಾಳಾದ ಮೇಲೆ ಅವರು ಒಂದು ನುಡಿಯನ್ನು ಕೈಬಿಟ್ಟಿದ್ದರು. ಹೊಳೆ ತುಂಬಿದಾಗ ಮರಿ ಹೊತ್ತು ಹಿಂಡಿನ ಮುಂದೆ ನಡೆದ ಒಬ್ಬ ಹೆಂಗಸಿನ ನುಡಿ ಅದು. ಆಕೆ ಇವರಿಬ್ಬರ ತಂದೆಯ ತಾಯಿ. ಹಿಂಡು ನಡೆಸಿದ್ದು ಗಂಡಸು, ಅಜ್ಜಿಯ ಮೇಲಿನ ಪ್ರೀತಿಗೆ ಅಣ್ಣನೇ ಆ ನುಡಿ ಕಟ್ಟಿ ಸೇರಿಸಿದ್ದಾನೆ ಎಂಬುದು ಸಣ್ಣಜ್ಜನ ವಾದ. ಅವರು ಹಿಂದಿನ ನುಡಿಯ ತುದಿಯನ್ನೂ ಮುಂದಿನದರ ತಲೆಯನ್ನೂ 'ಮುಂದ ಒಬ್ಬಾಂವ' ಎಂದು ಹೊಂದಿಸಿ ಹಾಡುತ್ತಿದ್ದರು. ಅಂದಿನಿಂದ ಡೊಳ್ಳಿನ ಸದ್ದು ಕೇಳಿದರೆ ಅಜ್ಜ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು.

"ಪದದಾಗ ಸುಳ್ಳ ಸೇರ್ಸಿದಾಂವ ಅನಿಸ್ಕೊಂಡು ಅಜ್ಜ ಸಾಯಬಾರದ್ರಿ," ಎಂದಳು. ಆಮೇಲೆ ಕೇಳಿದಳು: "ಒಬ್ಬಾಂವನ ಕುಂತು ಮುಂದಿನ ಕಾರ್ಡೆಲ್ಲಾ ಹೊಂದೂಹಂಗ ತಿದ್ದಿ ಬರದ್ರ, ಖರೇದು ಯಾವ್ದು ಅಂತ ಹೆಂಗ ಗೊತ್ತಾಗ್ತದ್ರಿ?"

ಅದು ನನ್ನ ಮುಂದಿನ ವಾರದ ಪಾಠ. ಒಬ್ಬನ ಕೈಯಲ್ಲಿರುವ ಸರಪಳಿ ಎಷ್ಟೇ ಸರಿಯಾಗಿ ಕೂಡಿಕೊಂಡಿದ್ದರೂ ಸಾಲದು. ಅದರ ಪ್ರತಿ, ಅವನ ಮಾತು ಕೇಳದ ಬೇರೆಯವರ ಬಳಿಯೂ ಇರಬೇಕು. ಈ ಪದ ಇನ್ನೆಲ್ಲಾದರೂ ಇದೆಯೇ ಎಂದು ಕೇಳಿದೆ. ಜತ್ತ ಕಡೆಯ ಒಂದು ಊರಲ್ಲಿ ಅದೇ ವಂಶದ ಇನ್ನೊಂದು ಮೇಳವಿತ್ತು. ಅಜ್ಜನ ತಂದೆಯ ಕಾಲಕ್ಕೆ ಹುಲ್ಲುಗಾವಲಿನ ಜಗಳದಲ್ಲಿ ಒಡೆದು ಹೋದವರು. ಆಮೇಲೆ ಎರಡು ಮೇಳವೂ ಒಟ್ಟಿಗೆ ಹಾಡಿರಲಿಲ್ಲ. ಅಜ್ಜ ಆಗಿನ್ನೂ ಹುಟ್ಟಿರಲಿಲ್ಲ. ಆ ನುಡಿ ಅವರಲ್ಲಿದ್ದರೆ ಅದು ಅಜ್ಜ ಕಟ್ಟಿದ್ದಾಗಲಾರದು.

ಅವರನ್ನು ಕರೆಸುವುದೆಂದಾಯಿತು. ಏಕೆ ಎಂದು ಅವರಿಗೆ ಹೇಳಬಾರದು, ಪದವನ್ನು ಮೊದಲಿನಿಂದಲೇ ಹಾಡಿಸಬೇಕು. ನಾನು ಕೇಳಿಕೊಂಡದ್ದು ಇಷ್ಟೇ. ಸಣ್ಣಜ್ಜ ಅಂಜಲಿಲ್ಲ. "ಕರೀರಿ. ಅವ್ರ ಬಾಯಾಗ ಆಕಿ ಬಂದ್ರ ನಾ ಡೊಳ್ಳ ಇಳಸ್ತೀನಿ," ಎಂದರು.

ಆ ಭಾನುವಾರ ಜತ್ತದ ಮೇಳದವರು ಟೆಂಪೊದಲ್ಲಿ ಬಂದಿಳಿದರು. ನನ್ನೊಡನೆ ಮೂವರು ವಿದ್ಯಾರ್ಥಿಗಳು, ಮೈನಿಂಗ್ ಎಂದು ನಕ್ಕವನೂ ಸೇರಿ. ಚಹಾ ಆಯಿತು. ಹಳೆಯ ಜಗಳದ ಮಾತನ್ನು ಯಾರೂ ಎತ್ತಲಿಲ್ಲ. ಅವರ ಮುಂದಾಳು ಕಿವಿಗೆ ಕೈ ಹಚ್ಚಿ ಶುರು ಮಾಡಿದರು. ನುಡಿ, ತುದಿ, ನುಡಿ, ತುದಿ. ಮಂಚದ ಮೇಲೆ ಅಜ್ಜನ ಮುಖ ಗೋಡೆಯ ಕಡೆಗಿತ್ತು. ಅವರ ರಾಗ ಬೇರೆ, ಹೊಡೆತ ಬೇರೆ, ಕೆಲವು ಹೆಸರುಗಳ ಉಚ್ಚಾರವೂ ಬೇರೆ. ತುದಿಗಳು ಮಾತ್ರ ಅವೇ. ಒಂದೊಂದು ತುದಿಗೂ ಈ ಕಡೆಯ ಮೇಳದವರ ತುಟಿ ತಾನಾಗಿ ಅಲುಗುತ್ತಿತ್ತು.

ಆ ಹೆಂಗಸಿನ ನುಡಿಗೆ ಹಿಂದಿನ ನುಡಿ ಬಂತು. ಅದರ ತುದಿ 'ಹಿಂಡು ನಿಂತಾವ' ಎಂದಿತು. 'ಒಬ್ಬಾಂವ' ಎನ್ನಲಿಲ್ಲ. ಅಜ್ಜ ಗೋಡೆ ಬಿಟ್ಟು ನಮ್ಮ ಕಡೆ ಮುಖ ತಿರುಗಿಸಿದರು. ಎಡಗಡೆಯ ಅರ್ಧ ತುಟಿ ಅಲುಗಿತು. ದನಿ ಇರಲಿಲ್ಲ. ಹಾಡುವವರು ಬಾಯಿ ತೆರೆಯುವ ಮೊದಲೇ ಆ ತುಟಿ ನುಡಿಯನ್ನು ಹೇಳಿತ್ತು. ಬೆನ್ನಿಗೇ ಅದೇ ನುಡಿ ಜತ್ತದವರ ದನಿಯಲ್ಲಿ ಬಂತು: 'ಹಿಂಡು ನಿಂತಾವ, ಹೊಳಿಗಿ ಅಂಜ್ಯಾವ, ಮರಿ ಹೊತ್ತು ನಡದಾಳ ಮುಂದ ಒಬ್ಬಾಕಿ.'

ಆಗ ಅವರ ಹಿಮ್ಮೇಳಕ್ಕಿಂತ ಒಂದು ಉಸಿರು ಮೊದಲೇ ಅಂಗಳದ ಈ ಬದಿಯಿಂದ ಒಂದು ದನಿ ಎದ್ದು ಆ ತುದಿಯನ್ನು ಹಿಡಿಯಿತು: 'ಮುಂದ ಒಬ್ಬಾಕಿ.'

ಸಣ್ಣಜ್ಜ. ತೂಗುಬಿಟ್ಟ ತುದಿಯನ್ನು ಹಿಡಿಯದೆ ಇರಲು ಅವರಿಂದ ಆಗಲಿಲ್ಲ. ಹಿಡಿದ ಮೇಲೆ ತಾವು ಏನು ಹಿಡಿದೆವೆಂದು ಅವರಿಗೆ ತಿಳಿಯಿತು. ಡೊಳ್ಳು ನಿಂತಿತು. ಹಟ್ಟಿಯಲ್ಲಿ ಒಂದು ಮರಿ ಕೂಗಿತು. ಇಷ್ಟು ವರ್ಷ ಬೋರ್ಡಿನ ಮೇಲೆ ಬಾಣ ಎಳೆದು ತೋರಿಸಿದ್ದನ್ನು ನಾನು ಮೊದಲ ಸಲ ಕಣ್ಣಾರೆ ನೋಡುತ್ತಿದ್ದೆ.

ಸಣ್ಣಜ್ಜ ಕೊರಳಿನ ಡೊಳ್ಳನ್ನು ಬಿಚ್ಚಿ ಮಂಚದ ಬಳಿ ಇಟ್ಟರು. "ಅಣ್ಣಾ, ಆಕಿ ಅದಾಳ," ಎಂದರು. ಅಜ್ಜ ಎಡಗೈಯಿಂದ ಡೊಳ್ಳನ್ನು ತಮ್ಮನ ಕಡೆಗೇ ಮೆಲ್ಲಗೆ ತಳ್ಳಿದರು. ಜತ್ತದವರಿಗೆ ಏನೂ ತಿಳಿಯದು. ಪದ ಯಾಕೆ ನಿಂತಿತೆಂದು ಅವರ ಮುಂದಾಳು ಕೇಳಿದರು. ಸಣ್ಣಜ್ಜ ಡೊಳ್ಳನ್ನು ಎತ್ತಿಕೊಂಡು ಮುಂದಿನ ನುಡಿಯನ್ನು ತಾವೇ ಹಾಡಿದರು.

ಮರುವಾರ ನಾನು ಕಾರ್ಡು ಹಂಚಲಿಲ್ಲ. ಮೈನಿಂಗ್ ಎಂದು ನಕ್ಕ ಹುಡುಗನೇ ಎದ್ದು ನಿಂತು, ಬೇರೆಯವರ ಬಳಿ ಪ್ರತಿ ಯಾಕಿರಬೇಕೆಂಬ ಪಾಠ ಹೇಳಿದ.

ಅಜ್ಜ ಆ ವರ್ಷದ ಮಳೆಗಾಲ ಕಾಣಲಿಲ್ಲ. ಜತ್ತದ ಮುಂದಾಳೂ ಈಗಿಲ್ಲ. ನನ್ನೊಬ್ಬನ ಮಾತು ಸಾಲದೆನಿಸಿದರೆ, ಅಂದು ನೋಡಿದವರಲ್ಲಿ ಬದುಕಿರುವವರು ಇವರು: ನನ್ನ ಮೂವರು ವಿದ್ಯಾರ್ಥಿಗಳು, ಅಂಗಳದ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದೇ ನಿಂತುಬಿಟ್ಟಿದ್ದ ಆ ಹುಡುಗಿ, ಎರಡೂ ಮೇಳದ ಹಿಮ್ಮೇಳದವರು, ಮತ್ತು ಸಣ್ಣಜ್ಜ, ಆ ನುಡಿಯನ್ನು ಈಗ ಅವರು ಬಿಡದೆ ಹಾಡುತ್ತಾರೆ.